ಲೆನ್ಸ್ ಕೆಟ್ಟಿಲ್ಲ, ಮೊದಲು ಸ್ಕ್ರೀನ್ ನೋಡಿ

"ಸರ್, ಲೆನ್ಸ್ ಕೆಟ್ಟಿದೆ, ಫೋಕಸ್ ಕೂರ್ತಿಲ್ಲ." ಫಿಲ್ಮ್ ಕ್ಯಾಮೆರಾ ರಿಪೇರಿಗೆ ತರುವ ಹುಡುಗರು ಮಾತು ಶುರು ಮಾಡುವುದೇ ಹೀಗೆ. ಹೋದ ತಿಂಗಳು ಬಂದವನ ಕೈಯಲ್ಲಿ ನಿಕಾನ್ ಎಫ್100 ಇತ್ತು. ಅದಕ್ಕೆ ಅವನ ತಾತನ 50 ಎಂಎಂ ಎಫ್/1.4 ಮ್ಯಾನ್ಯುಯಲ್ ಲೆನ್ಸ್. ಅಜ್ಜಿಯ ಫೋಟೊದಲ್ಲಿ ಕಣ್ಣು ಮಸುಕು, ಕಿವಿಯೋಲೆ ಶಾರ್ಪ್. ಅದೇ ಲೆನ್ಸನ್ನು ನನ್ನ ನಿಕಾನ್ ಎಫ್3 ಕ್ಯಾಮೆರಾಗೆ ಹಾಕಿ ಕೊಟ್ಟೆ. ರಿಂಗ್ ತಿರುಗಿಸಿದ. "ಈಗ ಕಾಣ್ತಿದೆ ಸರ್" ಎಂದ.

ಎಫ್3 ಬಂದದ್ದು 1980ರಲ್ಲಿ. ಫೋಕಸ್ ಮಾಡುವುದು ಪೂರ್ತಿ ನಿಮ್ಮ ಕಣ್ಣೇ. ಅದಕ್ಕೇ ಅದರ ಸ್ಕ್ರೀನ್, ಅಂದರೆ ವ್ಯೂಫೈಂಡರ್‌ನಲ್ಲಿ ಚಿತ್ರ ಮೂಡುವ ಗಾಜಿನ ನಡುವೆ ಎರಡು ಹೋಳಾದ ವೃತ್ತವಿದೆ. ಫೋಕಸ್ ತಪ್ಪಿದ್ದರೆ ಎದುರಿಗಿರುವ ವಸ್ತುವಿನ ಗೆರೆ ಅದರಲ್ಲಿ ಮುರಿದು ಕಾಣುತ್ತದೆ, ಸರಿಯಾದಾಗ ಕೂಡಿಕೊಳ್ಳುತ್ತದೆ. 1999ರ ಎಫ್100 ಆಟೋಫೋಕಸ್ ಬಾಡಿ. ಬೆಳಕು ಕಡಿಮೆ ಬಿಡುವ ಎಫ್/5.6ರ ಜೂಮ್ ಲೆನ್ಸ್ ಹಾಕಿದರೂ ಬೆಳಕು ಚೆನ್ನಾಗಿ ಕಾಣಲಿ ಎಂದು ಅದರ ಸ್ಕ್ರೀನನ್ನು ನುಣುಪಾಗಿ ಮಾಡಿರುತ್ತಾರೆ. ಗೆರೆ ಕೂಡಿಸುವ ವೃತ್ತ ಅದರಲ್ಲಿಲ್ಲ.

ಕಣ್ಣು ಮೋಸ ಹೋಗುವುದು ಇಲ್ಲೇ. ಎಫ್/1.4ರಲ್ಲಿ, ಅಂದರೆ ಲೆನ್ಸಿನ ಅಪರ್ಚರ್ (ಬೆಳಕು ಬಿಡುವ ಕಿಂಡಿ) ಪೂರ್ತಿ ತೆರೆದಾಗ, ಶಾರ್ಪ್ ಬರುವ ಜಾಗ ತೀರ ಕಡಿಮೆ. ಆದರೆ ಇಂಥ ಸ್ಕ್ರೀನಿನಲ್ಲಿ ನೋಡುವಾಗ ಆ ಜಾಗ ಇರುವುದಕ್ಕಿಂತ ಜಾಸ್ತಿ ಕಾಣುತ್ತದೆ. ಕಣ್ಣೂ ಕಿವಿಯೋಲೆಯೂ ಎರಡೂ ಸರಿ ಇದೆ ಅನಿಸುತ್ತದೆ. ಫಿಲ್ಮ್ ತೊಳೆದಾಗ ಒಂದೇ ಸರಿ ಇರುತ್ತದೆ. ವ್ಯೂಫೈಂಡರ್ ಬೆಳ್ಳಗಿದ್ದ ಮಾತ್ರಕ್ಕೆ ಫೋಕಸ್ ಕಂಡಂತಲ್ಲ. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಬೇಸರವಿಲ್ಲ, ಒಳ್ಳೆಯ ಲೆನ್ಸನ್ನು ಸುಮ್ನೆ ಬಿಚ್ಚಿಸುವುದು ಬೇಡ.

ಎಫ್100ರಲ್ಲಿ ಫೋಕಸ್ ಸಿಕ್ಕಾಗ ಹತ್ತುವ ಚುಕ್ಕಿ ಇದೆ, ನಿಜ. ಆದರೆ ರಿಂಗ್ ಸ್ವಲ್ಪ ಆಚೀಚೆ ತಿರುಗಿದರೂ ಅದು ಹತ್ತಿಕೊಂಡೇ ಇರುತ್ತದೆ. ಎರಡೂ ಕಡೆಯಿಂದ ತಿರುಗಿಸಿ ನೋಡಿ, ನಡುವೆ ನಿಲ್ಲಿಸಿ.

ಹಳೇ ಲೆನ್ಸ್‌ಗಳೇ ಜಾಸ್ತಿ ಇದ್ದರೆ ಎಫ್3 ಸಾಕು. ಓಡುವ ಮಕ್ಕಳನ್ನು ಹಿಡಿಯಬೇಕಾದರೆ ಎಫ್100. ಎರಡೂ ಬೇಕು ಅನ್ನುವವರಿಗೆ 1996ರ ಎಫ್5 ಹೇಳುತ್ತೇನೆ. ಅದಕ್ಕೆ ಗೆರೆ ಕೂಡಿಸುವ ಸ್ಕ್ರೀನ್ ಹಾಕಬಹುದು. ಎಂಟು ಪೆನ್ ಸೆಲ್ ಬೇಕು, ಕುತ್ತಿಗೆಗೆ ಭಾರ, ಅದೂ ಗೊತ್ತಿರಲಿ. ಇನ್ನು ಅಪರ್ಚರ್ ರಿಂಗ್ ಇಲ್ಲದ ಜಿ ಲೆನ್ಸನ್ನು ಎಫ್3ಗೆ ಕೊಳ್ಳಬೇಡಿ. ಅದು ಅತಿ ಸಣ್ಣ ಅಪರ್ಚರ್‌ನಲ್ಲೇ ನಿಂತುಬಿಡುತ್ತದೆ.

ಕೆಲವು ಹಳೇ ಬಾಡಿಗಳಲ್ಲಿ ಬೆಳಕನ್ನು ಸ್ಕ್ರೀನಿಗೆ ತಿರುಗಿಸುವ ಕನ್ನಡಿಯ ಕೋನವೇ ತಪ್ಪಿರುತ್ತದೆ. ಅದನ್ನು ಕೈಯಲ್ಲಿ ಹಿಡಿಯದೆ ಹೇಳಲಾರೆ. ಕ್ಯಾಮೆರಾವನ್ನು ಸ್ಟ್ಯಾಂಡ್ ಮೇಲಿಟ್ಟು, ಅಪರ್ಚರ್ ಪೂರ್ತಿ ತೆರೆದು ಒಂದು ರೋಲ್ ತೆಗೆಯಿರಿ. ಬರುವಾಗ ನೆಗೆಟಿವ್ ಜೊತೆಗೇ ತನ್ನಿ.