ಲಷ್ಕರ್ ರಸ್ತೆಯಲ್ಲಿ ಮಿಲಿಟರಿ ಪೊಲೀಸರು ನಮಗೆ ದಂಡ ಹಾಕಬಹುದೇ?

ಪ್ರಶ್ನೆ: ಪುಣೆಯ ಘೋರ್ಪಡಿಯಿಂದ ಕ್ಯಾಂಪ್ ಕಡೆ ಹೋಗುವಾಗ ಕೆಲವೊಮ್ಮೆ ಕೆಂಪು ಟೋಪಿಯ ಮಿಲಿಟರಿ ಪೊಲೀಸರು ಸ್ಕೂಟರ್ ನಿಲ್ಲಿಸುತ್ತಾರೆ. ನಾವು ಸೇನೆಯವರಲ್ಲ. ಅವರು ದಂಡ ಹಾಕಬಹುದೇ? ಹಿಡಿದುಕೊಂಡು ಹೋಗಬಹುದೇ?

ಉತ್ತರ: ದಂಡ ಹಾಕುವಂತಿಲ್ಲ. ಹೆಲ್ಮೆಟ್, ಲೈಸೆನ್ಸ್, ಸಿಗ್ನಲ್ ಇವೆಲ್ಲ ನಾಗರಿಕರ ಮಟ್ಟಿಗೆ ಸಂಚಾರ ಪೊಲೀಸರ ಕೆಲಸ. ನಾವು ದಂಡು ಎನ್ನುವುದನ್ನು ಪುಣೆಯವರು ಲಷ್ಕರ್ ಎನ್ನುತ್ತಾರಲ್ಲ, ಆ ಪ್ರದೇಶದ ಸಾರ್ವಜನಿಕ ರಸ್ತೆಯಲ್ಲೂ ಇದೇ ನಿಯಮ. ಸೇನಾ ಆವರಣದ ಗೇಟಿನ ಮಾತು ಬೇರೆ. ಅಲ್ಲಿ ಗುರುತಿನ ಚೀಟಿ ಕೇಳಬಹುದು, ಒಳಗೆ ಬಿಡದೆ ವಾಪಸ್ ಕಳಿಸಲೂಬಹುದು. ವಾದಕ್ಕೆ ನಿಲ್ಲದೆ ಚೀಟಿ ತೋರಿಸಿ, ಯಾರ ಮನೆಗೆ, ಏಕೆ ಎಂದು ಹೇಳಿ.

ಬಂಧನದ ವಿಷಯ: ಕಣ್ಣೆದುರೇ ಜಾಮೀನಿಲ್ಲದ ಸಂಜ್ಞೇಯ (ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ) ಅಪರಾಧ ನಡೆದರೆ ಯಾವ ನಾಗರಿಕನಾದರೂ ಆರೋಪಿಯನ್ನು ಹಿಡಿದು 6 ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬಹುದು ಎನ್ನುತ್ತದೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಂ. ಸ್ಕೂಟರ್ ತಪ್ಪು ದಾರಿಯಲ್ಲಿ ಬಂತೆಂದು ಯಾರೂ ಇದನ್ನು ಬಳಸುವಂತಿಲ್ಲ.

ಮಿಲಿಟರಿ ಪೊಲೀಸರ ಅಧಿಕಾರ ನಿಜವಾಗಿ ನಡೆಯುವುದು ಸೇನಾ ಕಾಯ್ದೆಗೆ ಒಳಪಟ್ಟವರ ಮೇಲೆ. 1950ರ ಆ ಕಾಯ್ದೆಯ 107ನೇ ಕಲಂ ಪ್ರಕಾರ ಪ್ರೊವೋಸ್ಟ್ ಮಾರ್ಷಲ್, ಅಂದರೆ ಮಿಲಿಟರಿ ಪೊಲೀಸರ ಮೇಲಧಿಕಾರಿ, ಮತ್ತು ಅವರ ಕೈಕೆಳಗಿನವರು ಯೋಧನನ್ನು ಬಂಧಿಸಬಹುದು. ತಾವಾಗಿಯೇ ಶಿಕ್ಷೆ ಕೊಡುವಂತಿಲ್ಲ. ಅಧಿಕಾರಿಯನ್ನು ಹಿಡಿಯಬೇಕಾದರೆ ಇನ್ನೊಬ್ಬ ಅಧಿಕಾರಿಯ ಆದೇಶ ಬೇಕು. ಇಷ್ಟು ಕಟ್ಟುನಿಟ್ಟು ಇರಲೇಬೇಕು. ಬಂದೂಕು ಹಿಡಿದವರನ್ನು ಹಿಡಿಯುವ ಕೆಲಸ ಅದು.

ಊರಿನಲ್ಲಿ ಕಾಣುವುದು ಈ ಪಡೆಯ ಸಣ್ಣ ಕೆಲಸ. 1939ರಲ್ಲಿ, ಎರಡನೇ ಮಹಾಯುದ್ಧದ ಹೊಸ್ತಿಲಲ್ಲಿ, ಭಾರತೀಯ ಸೇನೆಯ ಮೊದಲ ಪ್ರೊವೋಸ್ಟ್ ಘಟಕ ಕಟ್ಟಿದ್ದು ಯುದ್ಧರಂಗಕ್ಕೆಂದೇ. ಎಂಜಿನಿಯರುಗಳು ಹೊಳೆಗೆ ಹಾಕಿದ ಸೇತುವೆಯನ್ನು ನೆನೆಸಿಕೊಳ್ಳಿ. ಒಂದು ಸಲಕ್ಕೆ ಒಂದೇ ದಿಕ್ಕಿನ ಸಾಲು ದಾಟಬೇಕು. ಅತ್ತ ಮದ್ದುಗುಂಡಿನ ಲಾರಿಗಳು, ಇತ್ತ ಗಾಯಾಳುಗಳ ಆಂಬುಲೆನ್ಸು. ಎರಡೂ ತುದಿಯಲ್ಲಿ ನಿಂತ ಮಿಲಿಟರಿ ಪೊಲೀಸರ ನಡುವೆ ಸಂಪರ್ಕ ತಪ್ಪಿದರೆ ವಾಹನಗಳು ಸೇತುವೆಯ ಮಧ್ಯೆ ಮುಖಾಮುಖಿಯಾಗುತ್ತವೆ. ಹಿಂದಕ್ಕೆ ತೆಗೆಯಲೂ ಜಾಗವಿಲ್ಲ, ಶತ್ರುವಿನ ವಿಮಾನಕ್ಕೆ ಅದಕ್ಕಿಂತ ಸುಲಭದ ಗುರಿಯಿಲ್ಲ. ಅದಕ್ಕೇ ಕೆಟ್ಟು ನಿಂತ ಲಾರಿಯನ್ನು ದುರಸ್ತಿಗೆ ಕಾಯದೆ ಪಕ್ಕಕ್ಕೆ ತಳ್ಳುತ್ತಾರೆ. ದಾರಿ ತಪ್ಪಿದ ಸೈನಿಕರು, ಯುದ್ಧಕೈದಿಗಳು, ನಿರಾಶ್ರಿತರ ಸಾಲು ಇವೂ ಅವರದೇ ಹೊಣೆ.

ಪಡೆಯ ತರಬೇತಿ ಕೇಂದ್ರ ಬೆಂಗಳೂರಿನಲ್ಲಿದೆ. ಸಿಪಾಯಿ ದರ್ಜೆಗೆ ಸೇರಿದ ಮೊದಲ ಮಹಿಳಾ ತಂಡ, 83 ಮಂದಿ, 61 ವಾರ ತಾಲೀಮು ಮುಗಿಸಿ 2021ರ ಮೇ 8ರಂದು ಹೊರಬಂದದ್ದು ಅಲ್ಲಿಂದಲೇ. ಹೆಮ್ಮೆಪಡುವ ಸಂಗತಿ.

ಗುರುತಿಸುವುದು ಹೇಗೆ? ಕಡುಗೆಂಪು ಬೆರೆ ಟೋಪಿ, ಬಿಳಿ ಬೆಲ್ಟು, ಕಪ್ಪು ತೋಳುಪಟ್ಟಿಯ ಮೇಲೆ ಕೆಂಪಿನಲ್ಲಿ 'ಎಂಪಿ'. ಕೆಂಗಂದು ಟೋಪಿಯವರು ಪ್ಯಾರಾಶೂಟ್ ದಳದವರು. ಗೇಟಿನಲ್ಲಿ ನಿಂತವರು ಎಷ್ಟೋ ಸಲ ಸೇನಾ ನೆಲೆಗಳ ಕಾವಲು ಪಡೆಯಾದ ಡಿಫೆನ್ಸ್ ಸೆಕ್ಯುರಿಟಿ ಕೋರ್‌ನವರು.

ಸೇನಾ ವಾಹನ ನಿಮಗೆ ಗುದ್ದಿದರೆ ಜನ ಎಡವುವುದು ನಂಬರ್ ಬರೆಯುವಾಗ. ಪುಣೆಯ ವಾಹನಗಳ ಎಂಎಚ್ 12 ಹುಡುಕಬೇಡಿ. ಸೇನಾ ವಾಹನದ ನಂಬರಿನಲ್ಲಿ ಮೇಲ್ಮುಖ ಬಾಣ, ಅಂಕಿಗಳು, ಇಂಗ್ಲಿಷ್ ಅಕ್ಷರಗಳು ಇರುತ್ತವೆ. ಒಂದನ್ನೂ ಬಿಡದೆ ಬರೆದುಕೊಳ್ಳಿ, ಫೋಟೊ ತೆಗೆಯಿರಿ. ಮೊದಲು ನಾಗರಿಕ ಪೊಲೀಸ್ ಠಾಣೆಯಲ್ಲಿ ದೂರು, ಅದರ ಪ್ರತಿ ಮಿಲಿಟರಿ ಪೊಲೀಸರಿಗೆ. ವಿಮೆ ಕಂಪನಿಯ ಹೆಸರು ಹುಡುಕುತ್ತ ದಿನ ಕಳೆಯಬೇಡಿ: ಮೋಟಾರು ವಾಹನ ಕಾಯ್ದೆಯ 146ನೇ ಕಲಂ ಕೇಂದ್ರ ಸರ್ಕಾರದ ಇಂಥ ವಾಹನಗಳಿಗೆ ವಿಮೆಯ ಕಡ್ಡಾಯದಿಂದ ವಿನಾಯಿತಿ ಕೊಟ್ಟಿದೆ. ಪರಿಹಾರದ ಅರ್ಜಿಯನ್ನು ಭಾರತ ಸರ್ಕಾರದ ವಿರುದ್ಧವೇ, ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಹಾಕಬೇಕು.