ತಿರುಗುವ ತೆಂಗಿನಕಾಯಿ, ತೆರೆಯದ ಪುಟ

ತಿಪಟೂರಿನ ಕೊಬ್ಬರಿ ವರ್ತಕರೊಬ್ಬರು ಕಳೆದ ತಿಂಗಳು ತುಮಕೂರಿನಲ್ಲಿ ವೆಬ್‌ಸೈಟು ಮಾಡಿಕೊಡುವ ನನ್ನ ಅಂಗಡಿಗೆ ಬಂದು ಮೊಬೈಲು ಮುಂದೆ ಹಿಡಿದರು. ಕಪ್ಪು ಹಿನ್ನೆಲೆ, ನೀಲಿ ಗೆರೆಗಳ ಬಲೆ, ನಡುವೆ ಮಿಣಮಿಣ ಅನ್ನುವ ಭೂಗೋಳ. ಯಾವುದೋ ದೇಶದ ಭವಿಷ್ಯ ಚಿಂತಕರ ವೆಬ್‌ಸೈಟು.

"ನಮ್ದೂ ಹಿಂಗೇ ಫ್ಯೂಚರ್ ಥರ ಇರ್ಬೇಕು ಸಾರ್. ಭೂಮಿ ಬದ್ಲು ತೆಂಗಿನಕಾಯಿ ತಿರುಗ್ಲಿ."

ಕಾಲೇಜಿನವರು, ಸಹಕಾರ ಸಂಘದವರು, ಕಲ್ಯಾಣ ಮಂಟಪದವರು, ಯಾರೇ ಬಂದರೂ ಈಗ ಕೇಳುವುದು ಇದನ್ನೇ. ಹಾಗಾಗಿ ಒಂದು ಸಂಜೆ ಕೂತು ಅಂಥ 'ನಾಳೆಯ' ತಾಣಗಳನ್ನೇ ತಡಕಿದೆ. ಹತ್ತು ವರ್ಷ ಹಳೆಯ ಲೇಖನದ ಕೊಂಡಿ ಒತ್ತಿದರೆ ಎಷ್ಟೋ ಕಡೆ 404, ಅಂದರೆ 'ಪುಟ ಇಲ್ಲ'. ಇನ್ನು ಕೆಲವು ಲೇಖನ ತೆರೆದುಕೊಂಡರೂ ಬರೆದ ತಾರೀಖೇ ಇಲ್ಲ. 'ಇನ್ನು ಐದು ವರ್ಷದಲ್ಲಿ' ಅಂತ ಬರೆದಿದ್ದಾರೆ, ಯಾವತ್ತಿನಿಂದ ಐದು? ನಮ್ಮ ಪಂಚಾಂಗದವರಾದರೂ ಸಂವತ್ಸರದ ಹೆಸರು ಹಾಕುತ್ತಾರೆ. ಐವತ್ತು ವರ್ಷ ಮುಂದಿನದನ್ನು ಹೇಳುವವರಿಗೆ ಮುಂದಿನ ವರ್ಷದ ಡೊಮೇನ್ ರಿನೀವಲ್, ಅಂದರೆ ಸೈಟಿನ ವಿಳಾಸಕ್ಕೆ ಮತ್ತೆ ದುಡ್ಡು ಕಟ್ಟುವುದು, ನೆನಪಿರುವುದಿಲ್ಲ.

ಎಲ್ಲರೂ ಹಾಗಲ್ಲ. ಅಮೆರಿಕದ ಲಾಂಗ್ ನೌ ಫೌಂಡೇಶನ್ನಿನವರು 'ಲಾಂಗ್ ಬೆಟ್ಸ್' ಅಂತ ಒಂದು ತಾಣ ನಡೆಸುತ್ತಾರೆ. ಅಲ್ಲಿ ಭವಿಷ್ಯ ಹೇಳಿ ಪಂಥ ಕಟ್ಟುವವರು ಹೆಸರು, ಗಡುವು, ಹಣ ಮೂರನ್ನೂ ಇಡಬೇಕು. ಗೆದ್ದ ಹಣ ದಾನಕ್ಕೆ. 2011ರಲ್ಲಿ ಜೆರೆಮಿ ಕೀತ್ ಎಂಬ ವೆಬ್ ತಜ್ಞರು ಅಲ್ಲೊಂದು ತಮಾಷೆಯ ಪಂಥ ಕಟ್ಟಿದರು: ಇದೇ ಪಂಥದ ಪುಟ 11 ವರ್ಷ ಕಳೆದ ಮೇಲೆ ಇದೇ ವಿಳಾಸದಲ್ಲಿ ಸಿಗುವುದಿಲ್ಲ ಅಂತ. 2022ರ ಫೆಬ್ರವರಿಯಲ್ಲಿ ಸೋತರು. ಪುಟ ಇದ್ದಲ್ಲೇ ಇತ್ತು. ನನ್ನ ಲೆಕ್ಕದಲ್ಲಿ ಭವಿಷ್ಯದ ವೆಬ್‌ಸೈಟ್ ಅಂದರೆ ಅದು.

ಬುದ್ಧಿ ಹೇಳುವ ನಾನೇನು ಸಾಚಾ ಅಲ್ಲ. 2007ರ ಸುಮಾರಿಗೆ ಒಂದು ವಿದ್ಯಾಸಂಸ್ಥೆಗೆ ಫ್ಲ್ಯಾಶ್ ಎಂಬ ಅನಿಮೇಶನ್ ಸಾಫ್ಟ್‌ವೇರಿನಲ್ಲಿ ಸೈಟು ಮಾಡಿಕೊಟ್ಟೆ. ಗೇಟು ತೆರೆದುಕೊಳ್ಳುತ್ತಿತ್ತು, ದೀಪ ಹತ್ತುತ್ತಿತ್ತು, ವೀಣೆ ನುಡಿಯುತ್ತಿತ್ತು. ಶಾಲು ಹೊದಿಸಿ ಕಳಿಸಿದರು. 2020ರ ಕೊನೆಗೆ ಅಡೋಬಿ ಕಂಪನಿ ಫ್ಲ್ಯಾಶ್ ನಿಲ್ಲಿಸಿತು. 2021ರ ಜನವರಿ 12ರಿಂದ ಫ್ಲ್ಯಾಶ್ ಪ್ಲೇಯರೇ ಅಂಥ ಸೈಟುಗಳನ್ನು ಓಡಿಸಲು ಒಪ್ಪಲಿಲ್ಲ. ಆ ಗೇಟು ಮತ್ತೆ ತೆರೆಯಲಿಲ್ಲ. ಬೀಗ ಹಾಕಿದವನು ನಾನೇ.

ಇದಕ್ಕಿಂತ ನನ್ನ ತಲೆ ತಿನ್ನುವ ವಿಷಯ ಇನ್ನೊಂದಿದೆ. ಎಷ್ಟು ಸಲ ಹೇಳಿದರೂ ಯಾರ ತಲೆಗೂ ಹೋಗುವುದಿಲ್ಲ, ಹಾಗಾಗಿ ನಿಧಾನವಾಗಿ ಹೇಳುತ್ತೇನೆ. ಡಿಟಿಪಿ ಅಂಗಡಿಯಿಂದ ಹಳೆಯ ಫಾಂಟಿನ ಕನ್ನಡ ಫೈಲು ತರುತ್ತೀರಿ. ಕಂಪ್ಯೂಟರಿನ ಪಾಲಿಗೆ ಅದು ಕನ್ನಡವಲ್ಲ. ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆ. ಅದಕ್ಕೆ ಕನ್ನಡದ ವೇಷ ಹಾಕುವುದು ಫಾಂಟು. ಆ ಫಾಂಟಿಲ್ಲದ ಮೊಬೈಲಿನಲ್ಲಿ ವೇಷ ಕಳಚಿ, ಕೊಂಬು ಬಾಲ ಬಂದ ಇಂಗ್ಲಿಷ್ ಅಕ್ಷರಗಳ ಸಂತೆ ಕಾಣುತ್ತದೆ. ಯೂನಿಕೋಡ್, ಅಂದರೆ ಜಗತ್ತಿನ ಲಿಪಿಗಳ ಅಕ್ಷರಗಳಿಗೆ ಸಂಖ್ಯೆ ಕೊಡುವ ಪದ್ಧತಿ, ಹಾಗಲ್ಲ. ಅಲ್ಲಿ 'ಕ' ಅಕ್ಷರಕ್ಕೇ ಒಂದು ಸಂಖ್ಯೆಯಿದೆ, 3221. ಅದು ಬೇರೆ ಯಾವ ಲಿಪಿಯ ಯಾವ ಅಕ್ಷರಕ್ಕೂ ಇಲ್ಲ. ಫಾಂಟು ಬದಲಾಗಲಿ, ಫೋನು ಬದಲಾಗಲಿ, 3221 ಅಂದರೆ 'ಕ'. ಕನ್ನಡಕ್ಕೆ ಈ ಸಂಖ್ಯೆಗಳು 1991ರಲ್ಲೇ ಸಿಕ್ಕಿವೆ, ಜಗತ್ತಿನ ಮೊದಲ ವೆಬ್‌ಸೈಟು ಹೊರಗಿನವರಿಗೆ ತೆರೆದ ವರ್ಷವೇ.

"ಹಂಗಾದ್ರೆ ಸ್ಕ್ಯಾನ್ ಮಾಡಿ ಫೋಟೊ ಹಾಕ್ಬಿಡಿ" ಅನ್ನುತ್ತಾರೆ. ಬೇಡ. ಗೂಗಲ್ಲಿನಲ್ಲಿ ಹುಡುಕಿದರೆ ಆ ಚಿತ್ರದೊಳಗಿನ ಮಾತು ಸಿಗುತ್ತದೆ ಅನ್ನುವ ಖಾತ್ರಿಯಿಲ್ಲ. ಕಣ್ಣು ಕಾಣದವರಿಗೆ ಓದಿ ಹೇಳುವ ಸಾಫ್ಟ್‌ವೇರು 'ಇಮೇಜ್' ಅಂತಷ್ಟೇ ಹೇಳಿ ಸುಮ್ಮನಾಗಬಹುದು. ನಿಮ್ಮ ಮೊಮ್ಮಗ ನಾಳೆ ಅದರಿಂದ ಒಂದು ಸಾಲು ಕಾಪಿ ಮಾಡಬೇಕೆಂದರೂ ಒದ್ದಾಡಬೇಕು. ಯೂನಿಕೋಡಿನಲ್ಲೇ ಟೈಪ್ ಮಾಡಿಸಿ. ಹಳೆಯ ಫೈಲಿದ್ದರೆ ಪರಿವರ್ತಕಗಳಿವೆ, ಒತ್ತಕ್ಷರಗಳು ಕೆಲವೊಮ್ಮೆ ಎಡವಟ್ಟಾಗುತ್ತವೆ, ಒಮ್ಮೆ ಓದಿ ತಿದ್ದಿ. ಅಷ್ಟೇ ಕೆಲಸ.

ಅನಿಮೇಶನ್ನೇ ಪಾಪ ಅನ್ನುವವನಲ್ಲ ನಾನು. ಎಲ್ಲಿ, ಯಾರಿಗೆ, ಎಷ್ಟು ಅನ್ನುವುದನ್ನು ನಿಮ್ಮ ಸೈಟು ನೋಡದೆ ಹೇಳಲಾರೆ. ಆದರೆ ಪಾವಗಡದ ಕಡೆಯ ಹಳ್ಳಿಯಲ್ಲಿ ಒಂದೇ ಕಡ್ಡಿ ಸಿಗ್ನಲ್ಲಿನಲ್ಲಿ, ಗಾಜು ಒಡೆದ ಹಳೆಯ ಫೋನಿನಲ್ಲಿ ಒಮ್ಮೆ ತೆರೆದು ನೋಡಿ ಅಂತ ಮಾತ್ರ ಹೇಳುತ್ತೇನೆ.

ವರ್ತಕರಿಗೂ ಹಾಗೇ ಮಾಡಿ ತೋರಿಸಿದೆ. ಅವರ ಹಠಕ್ಕೆ ಮಾಡಿದ್ದ ತಿರುಗುವ ತೆಂಗಿನಕಾಯಿ 14 ಎಂಬಿ ಇತ್ತು. ನನ್ನ ಹಳೆಯ ಫೋನಿನಲ್ಲಿ ಒತ್ತಿ ಅವರ ಕೈಗೆ ಕೊಟ್ಟೆ. ಕಾಫಿ ಬಂತು, ಕುಡಿದೆವು, ಲೋಟ ಕೆಳಗಿಟ್ಟೆವು. ಪರದೆ ಕಪ್ಪಗೇ ಇತ್ತು. ಆಮೇಲೆ ನಾನು ಬರೆದಿಟ್ಟಿದ್ದ ಬೋಳು ಪುಟ ತೆರೆದೆ: ಮೇಲೆ ಇವತ್ತಿನ ತಾರೀಖು, ಕೆಳಗೆ ಉಂಡೆ ಕೊಬ್ಬರಿ ದರ, ಅವರ ಫೋನ್ ನಂಬರು, ಪಕ್ಕದಲ್ಲಿ ಕಾಯಿಯ ಸಣ್ಣದೊಂದು ಫೋಟೊ. ಬೆರಳು ಎತ್ತುವಷ್ಟರಲ್ಲಿ ಬಂತು.

ಬಹಳ ಹೊತ್ತು ನೋಡಿದರು. "ಸರಿ ಸಾರ್, ಇದೇ ಇರ್ಲಿ" ಅಂದರು. ಬಾಗಿಲ ಹತ್ತಿರ ಹೋಗಿ ಚಪ್ಪಲಿ ಮೆಟ್ಟುತ್ತಾ ಮತ್ತೆ ತಿರುಗಿದರು.

"ಆ ಫೋಟೊದಲ್ಲಿರೋ ಕಾಯಿ... ಸ್ವಲ್ಪ ಅಲ್ಲಾಡೋ ಹಂಗಾದ್ರೂ ಮಾಡಕ್ಕಾಗಲ್ವಾ?"