ಎಲೆಯಿಂದ ಯೀಸ್ಟ್‌ಗೆ: ಸ್ಟೀವಿಯಾ ಸಿಹಿ ನಡೆದ ದಾರಿ

ಸಕ್ಕರೆಯ ಬದಲಿಗೆ ಬಳಸುವ ಸ್ಟೀವಿಯಾ ಎಂದರೆ ಒಂದು ಗಿಡದ ಎಲೆ ಎಂದೇ ನಂಬಿದ್ದೆವು. ಈಗ ಅದೇ ಸಿಹಿ ಉಕ್ಕಿನ ತೊಟ್ಟಿಗಳಲ್ಲಿ ಯೀಸ್ಟ್‌ನಿಂದಲೂ ತಯಾರಾಗುತ್ತಿದೆ.

ಪರಾಗ್ವೆ ಮತ್ತು ಬ್ರೆಜಿಲ್‌ನ ಮೂಲನಿವಾಸಿ ಗ್ವಾರನಿ ಜನರು ಈ ಗಿಡವನ್ನು ‘ಸಿಹಿ ಮೂಲಿಕೆ’ ಎಂದು ಕರೆದು ತಲೆತಲಾಂತರದಿಂದ ಬಳಸುತ್ತಿದ್ದರು. 1899ರಲ್ಲಿ ಸಸ್ಯಶಾಸ್ತ್ರಜ್ಞ ಮೊಯಿಸೆಸ್ ಬೆರ್ಟೋನಿ ಅದನ್ನು ವಿಜ್ಞಾನಕ್ಕೆ ಪರಿಚಯಿಸಿದರು. 1931ರಲ್ಲಿ ಫ್ರಾನ್ಸ್‌ನಲ್ಲಿ ಸಿಹಿಯ ಅಂಶ ಬೇರ್ಪಟ್ಟಿತು, 1970ರ ದಶಕದಲ್ಲಿ ಜಪಾನ್ ಮಾರುಕಟ್ಟೆಗೆ ತಂದಿತು, 2008ರಲ್ಲಿ ಅಮೆರಿಕ, 2011ರಲ್ಲಿ ಯುರೋಪ್ ಬಾಗಿಲು ತೆರೆದವು.

ತೊಡಕಾದದ್ದು ರುಚಿ. ಎಲೆಯಲ್ಲಿ ಹೇರಳವಾಗಿರುವ ಅಂಶಗಳು ಸಿಹಿಯ ಬೆನ್ನಿಗೇ ನಾಲಗೆಯ ಮೇಲೆ ಕಹಿ ಉಳಿಸುತ್ತವೆ. ರುಚಿಯಲ್ಲಿ ಸಕ್ಕರೆಗೆ ಹೆಚ್ಚು ಹತ್ತಿರದ ‘ರೆಬ್ ಎಂ’ ಎಂಬ ಅಂಶ ಒಣ ಎಲೆಯಲ್ಲಿ ಶೇ 1ರಷ್ಟೂ ಇಲ್ಲ. ಅಷ್ಟಕ್ಕಾಗಿ ಎಕರೆಗಟ್ಟಲೆ ಬೆಳೆಯುವ ಬದಲು, ಅದನ್ನು ಕಟ್ಟುವ ವಂಶವಾಹಿಗಳನ್ನೇ ಬ್ರೆಡ್ ಉಬ್ಬಿಸುವ ಯೀಸ್ಟ್‌ಗೆ ಸೇರಿಸಿದರು. ಯೀಸ್ಟ್ ಸಕ್ಕರೆ ತಿನ್ನುತ್ತದೆ. ಹಲವು ಹಂತಗಳಲ್ಲಿ ಸ್ಟೀವಿಯಾಲ್ ಎಂಬ ತಿರುಳನ್ನು ಕಟ್ಟುತ್ತದೆ. ಅದಕ್ಕೆ ಒಂದೊಂದಾಗಿ ಆರು ಗ್ಲುಕೋಸ್ ಅಣುಗಳು ಅಂಟಿಕೊಂಡಾಗ ರೆಬ್ ಎಂ ಸಿದ್ಧ. ಕೊನೆಗೆ ಯೀಸ್ಟ್‌ ಅನ್ನು ಸೋಸಿ ತೆಗೆದು ಸಿಹಿಯನ್ನಷ್ಟೇ ಶುದ್ಧಗೊಳಿಸುತ್ತಾರೆ. ಬುದ್ಧಿವಂತಿಕೆಯ ಕೆಲಸವಿದು, ಮೆಚ್ಚದೆ ಇರಲಾಗದು.

ಸ್ವಿಟ್ಜರ್ಲೆಂಡ್‌ನ ಎವೋಲ್ವಾ ಕಂಪನಿಯ ಜೊತೆ ಕೈಜೋಡಿಸಿದ್ದ ಅಮೆರಿಕದ ಕಾರ್ಗಿಲ್ 2015ರಲ್ಲಿ ‘ಎವರ್‌ಸ್ವೀಟ್’ ಎಂಬ ಇಂಥ ಸಿಹಿಯನ್ನು ಘೋಷಿಸಿತು. 2019ರಲ್ಲಿ, ಮೆಕ್ಕೆಜೋಳದ ಸೀಮೆಯಾದ ನೆಬ್ರಾಸ್ಕದ ಬ್ಲೇರ್‌ನಲ್ಲಿ ಡಿಎಸ್‌ಎಂ ಕಂಪನಿಯ ಜೊತೆಗಿನ ಕಾರ್ಖಾನೆ ಶುರುವಾಯಿತು. ಅಮಿರಿಸ್ ಕಂಪನಿ ಕಬ್ಬಿನ ಸಕ್ಕರೆಯಿಂದಲೇ ರೆಬ್ ಎಂ ತೆಗೆಯಿತು.

ಅಣು ಅದೇ, ಹುಟ್ಟು ಬೇರೆ. ಹಾಗಿರುವಾಗ ಪೊಟ್ಟಣದ ಮೇಲೆ ಹಸಿರು ಎಲೆಯ ಚಿತ್ರ ಸಲ್ಲುತ್ತದೆಯೇ? ಕುಲಾಂತರಿ ಯೀಸ್ಟ್‌ನಿಂದ ತಯಾರಾದದ್ದು ಎಂದು ಕೊಳ್ಳುವವರಿಗೆ ಸ್ಪಷ್ಟವಾಗಿ ತಿಳಿಸುವುದರಲ್ಲಿ ಯಾರಿಗೂ ನಷ್ಟವಿದೆ ಎಂದು ನನಗೆ ಅನಿಸುವುದಿಲ್ಲ.

ಈ ಸಿಹಿಯ ಲಾಭದಲ್ಲಿ ಗ್ವಾರನಿ ಜನರಿಗೂ ಪಾಲು ಬೇಡವೇ ಎಂಬ ಪ್ರಶ್ನೆ ಇನ್ನೂ ಹಳೆಯದು. ಜೀವಸಂಪತ್ತು ಮತ್ತು ಸ್ಥಳೀಯ ಜ್ಞಾನದ ಲಾಭದಲ್ಲಿ ಪಾಲು ಕೇಳುವ ಅಂತರರಾಷ್ಟ್ರೀಯ ನಗೋಯ ಒಪ್ಪಂದ 2014ರಲ್ಲಿ ಜಾರಿಯಾಯಿತು. ಆದರೆ ವಂಶವಾಹಿಯ ಅಕ್ಷರಗಳು ಕಂಪ್ಯೂಟರ್‌ನಲ್ಲಿದ್ದರೆ ಎಲೆಯನ್ನು ಗಡಿ ದಾಟಿಸುವ ಅಗತ್ಯವೇ ಬರುವುದಿಲ್ಲ, ಪಾಲು ಕೇಳುವ ದಾರಿಯೂ ತಪ್ಪಬಹುದು. ಈ ಬಿರುಕನ್ನು ಮುಚ್ಚಲು 2024ರಲ್ಲಿ ಕೊಲಂಬಿಯಾದ ಕಾಲಿ ನಗರದಲ್ಲಿ ದೇಶಗಳು ಒಂದು ನಿಧಿಗೆ ಒಪ್ಪಿದವು. ಅದರ ಅರ್ಧದಷ್ಟಾದರೂ ಮೂಲನಿವಾಸಿಗಳಿಗೆ ಸಲ್ಲಬೇಕೆಂಬ ಆಶಯವಿದೆ. ಕಂಪನಿಗಳು ಹಣ ಕೊಡುವುದು ಮಾತ್ರ ಅವುಗಳ ಇಚ್ಛೆಗೆ ಬಿಟ್ಟದ್ದು.